ಏಣಿಯ ಕೆಳಗಿನ ದವಾಖಾನೆ



ಸೂಲಗಿತ್ತಿಯಾಗಿದ್ದ ತಾಯಿಯ ನೆನಪಿಗೆ ಮಕ್ಕಳು ಪುಣೆಯ ಕನ್ನಡಿಗರ ಸಭೆಗೆಂದು ಇಟ್ಟ ದತ್ತಿ ಇದು. ಉಪನ್ಯಾಸ ಆರೋಗ್ಯದ ಬಗ್ಗೆ ಇರಬೇಕು, ಕೇಳಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುವ ಹಾಗಿರಬೇಕು ಎಂದಷ್ಟೇ ಅವರು ಕೇಳಿಕೊಂಡಿದ್ದಾರೆ. ನಾನು ಮೂವತ್ತು ವರ್ಷ ಸರಕಾರಿ ಡಾಕ್ಟರಾಗಿದ್ದವಳು. ಅದರಲ್ಲಿ ಹೆಚ್ಚು ವರ್ಷ ಕಳೆದದ್ದು ಬೆಳಗಾವಿ ಜಿಲ್ಲೆಯ ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಪುಣೆಗೆ ಬಂದೆ. ಬಂದ ಮೇಲೆ ನಾಲ್ಕು ಮಳೆಗಾಲ ಭೋರ್ ತಾಲ್ಲೂಕಿನ ಪಶ್ಚಿಮದ ಕಣಿವೆಗಳಲ್ಲಿ ಓಡಾಡಿದ್ದೇನೆ. ಅಲ್ಲಿ ಕಂಡದ್ದನ್ನೂ ಅದು ನನಗೆ ನೆನಪು ಮಾಡಿಕೊಟ್ಟದ್ದನ್ನೂ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಭೋರ್ ನೀವು ಕಾಣದ ಊರಲ್ಲ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ರಾತ್ರಿ ಬಸ್ಸು ಹಿಡಿದು ಬರುವಾಗ ನಸುಕಿನಲ್ಲಿ ಶಿರವಳ ದಾಟುತ್ತೀರಿ, ನೀರಾ ನದಿಯ ಸೇತುವೆ ದಾಟುತ್ತೀರಿ. ಅಲ್ಲಿಂದ ಪುಣೆ ಜಿಲ್ಲೆ, ಭೋರ್ ತಾಲ್ಲೂಕು. ಸ್ವಲ್ಪ ಮುಂದೆ ಕಾಪೂರಹೋಳದಲ್ಲಿ ಎಡಕ್ಕೆ ಹೊರಳಿದರೆ ಭೋರ್ ಪಟ್ಟಣ. ಪಂತ ಸಚಿವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಹೆದ್ದಾರಿಯ ಆಸುಪಾಸಿನಲ್ಲಿ ಕಾರ್ಖಾನೆಗಳಿವೆ, ಖಾಸಗಿ ಆಸ್ಪತ್ರೆಗಳಿವೆ, ಹೆಜ್ಜೆಗೊಂದು ಔಷಧಿ ಅಂಗಡಿ ಇದೆ. ಪಟ್ಟಣದಲ್ಲಿ ಉಪಜಿಲ್ಲಾ ಆಸ್ಪತ್ರೆ ಇದೆ. ಪಟ್ಟಣ ದಾಟಿ ಪಡುವಣಕ್ಕೆ ಹೋದಿರೋ, ಹಿರಡಸ ಮಾವಳ, ವೇಳವಂಡ ಕಣಿವೆ, ಭುತೋಂಡೆ ಕಣಿವೆ. ಸಹ್ಯಾದ್ರಿಯ ಮಡಿಲಲ್ಲಿ ಅಲ್ಲೊಂದು ಇಲ್ಲೊಂದು ವಾಡಿ, ಭತ್ತದ ಗದ್ದೆ, ಧನಗರರ ದೊಡ್ಡಿ. ಮಳೆ ಶುರುವಾಯಿತೆಂದರೆ ನಮ್ಮ ಖಾನಾಪುರ, ಜೋಯಿಡಾದ ಮಳೆಯೇ.

ಈ ಕಣಿವೆಗಳ ನೀರನ್ನು ಹಿಡಿದಿಟ್ಟದ್ದು ಭಾಟಘರ ಅಣೆಕಟ್ಟು. ಬ್ರಿಟಿಷರ ಕಾಲದಲ್ಲಿ, 1927ರ ಸುಮಾರಿಗೆ, ಯೇಳವಂಡಿ ನದಿಗೆ ಅಡ್ಡಲಾಗಿ ಈಗಿನ ಅಣೆಕಟ್ಟು ಎದ್ದಿತು. ಅದರ ನೀರು ನೀರಾ ಕಾಲುವೆಗಳಲ್ಲಿ ಹರಿದು ಬಾರಾಮತಿ, ಇಂದಾಪುರ, ಫಲಟಣದ ಕಬ್ಬು ಬೆಳೆಸುತ್ತದೆ. ಆಮೇಲೆ ನೀರಾ ನದಿಗೇ ದೇವಘರದಲ್ಲಿ ಇನ್ನೊಂದು ಅಣೆಕಟ್ಟು ಬಂತು. ಹಿನ್ನೀರು ಹರಡಿದಲ್ಲೆಲ್ಲ ಎದುರು ದಂಡೆಯ ಊರು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಎದುರಿನ ದಂಡೆಗೆ ಹೋಗಲು ದೋಣಿ ಬೇಕು, ಇಲ್ಲವೇ ಸುತ್ತುಬಳಸಿ ಹೋಗಬೇಕು. ಆರೋಗ್ಯದ ಮಾತು ಹೇಳಬೇಕಾದವಳು ನೀರಾವರಿ ಏಕೆ ಹೇಳುತ್ತಿದ್ದಾಳೆ ಅನ್ನಬೇಡಿ. ದವಾಖಾನೆಗೆ ಹೋಗುವ ದಾರಿ ಎಲ್ಲಿ ತುಂಡಾಯಿತು ಎನ್ನುವುದನ್ನು ಮೊದಲು ನೋಡಿಕೊಂಡರೆ ಉಳಿದದ್ದು ತಾನೇ ತಿಳಿಯುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ವಿಚಾರ ಈ ದೇಶದಲ್ಲಿ ರೂಪು ತಳೆದದ್ದೂ ಭೋರ್ ಎಂಬ ಹೆಸರಿನಲ್ಲೇ. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸಮಿತಿಯನ್ನು ವೈದ್ಯಕೀಯ ಓದಿದವರೆಲ್ಲ ಭೋರ್ ಸಮಿತಿ ಎಂದೇ ಬಾಯಿಪಾಠ ಮಾಡಿರುತ್ತಾರೆ. ಅದು ಈ ಊರಿನ ಸಮಿತಿಯಲ್ಲ, ಹೆಸರು ಕೂಡಿಬಂದಿದೆ ಅಷ್ಟೆ. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಸೇವೆ ಜನರಿಗೆ ಆದಷ್ಟು ಹತ್ತಿರ ಇರಬೇಕು ಎಂದು ಆ ವರದಿ ಹೇಳಿತು. ಸದ್ಯಕ್ಕೆ 40,000 ಜನರಿಗೆ ಒಂದು ಕೇಂದ್ರ, ಇಬ್ಬರು ಡಾಕ್ಟರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಹೆರಿಗೆ ದಾದಿಯರು, ಜೊತೆಗೆ ತರಬೇತಿ ಪಡೆದ ನಾಲ್ವರು ಸೂಲಗಿತ್ತಿಯರು. ಮುಂದೆ 10,000ದಿಂದ 20,000 ಜನರಿಗೆ 75 ಹಾಸಿಗೆಯ ಒಂದು ಆಸ್ಪತ್ರೆ. ಆ ಮುಂದಿನ ಕನಸು ಇನ್ನೂ ಕೈಗೂಡಿಲ್ಲ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಕೇಂದ್ರಗಳು ಏಳತೊಡಗಿದವು. ಈಗಿನ ಲೆಕ್ಕ ನಿಮಗೆ ಗೊತ್ತು: ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರ, ಉಪಕೇಂದ್ರವಾದರೆ 5,000ಕ್ಕೆ, ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು.

2011ರ ಜನಗಣತಿಯಲ್ಲಿ ಭೋರ್ ತಾಲ್ಲೂಕಿನ ಜನಸಂಖ್ಯೆ 1,86,116. ಬಯಲಿನ ಲೆಕ್ಕ ಹಿಡಿದರೆ ಆರು ಕೇಂದ್ರ ಸಾಕು, ಗುಡ್ಡದ ಲೆಕ್ಕ ಹಿಡಿದರೆ ಒಂಬತ್ತು ಬೇಕು. ಭಾಗಾಕಾರ ಇಲ್ಲಿಗೆ ಮುಗಿಯುತ್ತದೆ, ತೊಂದರೆ ಇಲ್ಲಿಂದ ಶುರುವಾಗುತ್ತದೆ. ಹೆದ್ದಾರಿ ಬದಿಯ ನಸರಾಪುರದ ಕಡೆ ಸಾವಿರಾರು ಜನ ಒತ್ತೊತ್ತಾಗಿ ಇದ್ದಾರೆ. ಪಡುವಣದಲ್ಲಿ ಇನ್ನೂರು ಮುನ್ನೂರು ಜನರ ವಾಡಿಗಳನ್ನು ಕೂಡಿಸುತ್ತ ಹೋದರೆ 3,000 ತುಂಬಲು ಹತ್ತು ಹದಿನೈದು ವಾಡಿ ಬೇಕು, ಅವುಗಳ ನಡುವೆ ಗುಡ್ಡ, ಹಳ್ಳ, ಹಿನ್ನೀರು. ಕಾಗದದ ಮೇಲೆ ಎರಡೂ ಕಡೆ ಉಪಕೇಂದ್ರ ಒಂದೇ. ಒಂದು ಕಡೆ ತಾಯಿ ಮಗುವನ್ನೆತ್ತಿಕೊಂಡು ರಸ್ತೆ ದಾಟಿದರೆ ಸೂಜಿ ಹಾಕಿಸಿಕೊಂಡು ಬರುತ್ತಾಳೆ. ಇನ್ನೊಂದು ಕಡೆ ಅವಳು ಬುತ್ತಿ ಕಟ್ಟಿಕೊಂಡು ಹೊರಡಬೇಕು.

ಇದೇ ತಾಲ್ಲೂಕಿನ ರಾಯರೇಶ್ವರದ ಮಾತು ಹೇಳುತ್ತೇನೆ. ಹದಿಹರೆಯದ ಶಿವಾಜಿ 1645ರಲ್ಲಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದ ಜಾಗ ಎಂದು ಮಹಾರಾಷ್ಟ್ರ ಪೂಜಿಸುವ ಪ್ರಸ್ಥಭೂಮಿ ಅದು, ಸಮುದ್ರ ಮಟ್ಟಕ್ಕಿಂತ ಸುಮಾರು 4,500 ಅಡಿ ಎತ್ತರ. ಅಲ್ಲಿನ ಶಿವನನ್ನು ಪೂಜಿಸಿಕೊಂಡು ತಲೆಮಾರುಗಳಿಂದ ಮೇಲೆಯೇ ವಾಸವಾಗಿರುವವರು ಜಂಗಮರು. ಜಂಗಮರೆಂದರೆ ಯಾರೆಂದು ಕನ್ನಡ ಸಭೆಗೆ ಹೇಳಬೇಕಿಲ್ಲ. ಆಡುವುದು ಮರಾಠಿ, ಆದರೆ ಹೆಸರು ಕೇಳಿದಾಗ ನನಗೆ ನನ್ನ ಊರಿನ ಮಠದ ಓಣಿಯೇ ನೆನಪಾಯಿತು. ಕೊರ್ಲೆಯ ಕಡೆಯಿಂದ ಗಾಡಿ ರಸ್ತೆ ಸಾಕಷ್ಟು ಮೇಲೆ ಬರುತ್ತದೆ, ಅದು ನಿಂತಲ್ಲಿಂದ ಕಾಲುದಾರಿ, ಕೊನೆಗೆ ಬಂಡೆಗೆ ಆನಿಸಿದ ಕಬ್ಬಿಣದ ಏಣಿ. ಪ್ರವಾಸಿಗೆ ಅದು ಫೋಟೋ ತೆಗೆಯುವ ಜಾಗ. ಮೇಲಿನ ಮನೆಗಳಲ್ಲಿ ಎದೆನೋವು ಬಂದ ಮುದುಕನಿಗೂ ದಿನ ತುಂಬಿದ ಬಸುರಿಗೂ ಅದೇ ದಾರಿ. ನಮ್ಮ ಯೋಜನೆಗಳೆಲ್ಲ ಆ ಏಣಿಯ ಕೆಳಗೆ ಬಂದು ನಿಲ್ಲುತ್ತವೆ.

ಇಂಥ ಕಡೆ ಕಾಯಿಲೆಯವರನ್ನು ಇಳಿಸುವುದು ಝೋಳಿಯಲ್ಲಿ. ನಮ್ಮ ಕಡೆ ಜೋಲಿ ಅನ್ನುತ್ತೇವೆ. ಅದನ್ನು ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ತೋಳಿನಷ್ಟು ದಪ್ಪದ ಹಸಿ ಬಿದಿರು ಬೇಕು, ಒಣಗಿದ್ದು ನಡುದಾರಿಯಲ್ಲಿ ಸೀಳುತ್ತದೆ. ಕರಿ ಕಂಬಳಿಯ ಎರಡು ತುದಿಯನ್ನು ಬಿದಿರಿಗೆ ಗಂಟು ಹಾಕುತ್ತಾರೆ. ಒಳಗೆ ಮಲಗಿದವರ ಬೆನ್ನು ಬಾಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ದಿನ ತುಂಬಿದ ಬಸುರಿಯಾದರೆ ಹೀಗೆ ಬಾಗಿ ಮಲಗಿದಾಗ ಉಸಿರು ಸಿಕ್ಕಿಕೊಳ್ಳುತ್ತದೆ, ಮತ್ತೆ ಮತ್ತೆ ಇಳಿಸಿ ಎನ್ನುತ್ತಾಳೆ. ಹೊರುವವರು ನಾಲ್ವರು, ಹೆಗಲು ಬದಲಿಸಲು ಇನ್ನು ನಾಲ್ವರು, ಮುಂದೆ ಬ್ಯಾಟರಿ ಹಿಡಿದು ದಾರಿ ನೋಡುವವನೊಬ್ಬ. ಮಳೆಗೆ ತಲೆಯ ಮೇಲೆ ಎಲೆಯ ಇರಲೆ, ಅದು ನಮ್ಮ ಮಲೆನಾಡಿನ ಗೊರಬು. ಕಂಬಳಿ ನೆನೆದಷ್ಟೂ ಭಾರ. ಒಂಬತ್ತು ಗಂಡಾಳು ಸಿಗದ ವಾಡಿಯಲ್ಲಿ ಜೋಲಿಯೂ ಇಲ್ಲ. ಹುಡುಗರೆಲ್ಲ ಪುಣೆಯ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ಹೋದ ಮೇಲೆ ಈಗ ಎಷ್ಟೋ ವಾಡಿಗಳಲ್ಲಿ ಉಳಿದವರು ಮುದುಕರು, ಹೆಂಗಸರು, ಮಕ್ಕಳು. ಹೊರುವ ಹೆಗಲುಗಳೂ ಪುಣೆಗೆ ಬಂದುಬಿಟ್ಟಿವೆ.

ಇದು ಭೋರ್‌ನ ಕತೆ ಮಾತ್ರವಲ್ಲ. 2024ರ ಮಳೆಗಾಲದಲ್ಲಿ ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಆಮಗಾಂವದಿಂದ ಒಬ್ಬ ಹೆಣ್ಣುಮಗಳನ್ನು ಊರವರು ಹೊತ್ತು ತಂದದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಆಷಾಢದ ಸಂಜೆ, ಅಂಥದೇ ಜೋಲಿ ನನ್ನ ಕೇಂದ್ರದ ಅಂಗಳಕ್ಕೂ ಬಂದಿತ್ತು. ಮನೆಯಲ್ಲೇ ಹೆರಿಗೆಯಾಗಿತ್ತು, ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಂತಿರಲಿಲ್ಲ. ಹೊರಟು ನಾಲ್ಕು ತಾಸಾಗಿತ್ತು ಅಂದರು. ಕಂಬಳಿ ಹಿಂಡಿದರೆ ಕೆಂಪು ನೀರು. ನನ್ನ ಹತ್ತಿರ ಗರ್ಭಕೋಶ ಬಿಗಿಯುವ ಇಂಜೆಕ್ಷನ್ ಇತ್ತು, ಸಲೈನ್ ಇತ್ತು, ಕೈಯಿಂದ ಒತ್ತಿ ಹಿಡಿದೆ. ರಕ್ತ ಸಿಗುವುದು ಐವತ್ತು ಕಿಲೋಮೀಟರ್ ಆಚೆ. ಜೀಪು ಬಂತು, ಅವಳು ಕಾಯಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡು, "ಬಾಯಾರ, ನಾವು ತಡಾ ಮಾಡಿದಿವೇನ್ರಿ?" ಎಂದು ಕೇಳಿದಳು. ಮಧ್ಯರಾತ್ರಿ ನಾನು ರಿಜಿಸ್ಟರು ತೆರೆದು ಬರೆದೆ. ಹೆಸರು, ವಯಸ್ಸು, ಎಷ್ಟನೇ ಹೆರಿಗೆ, ಸಾವಿನ ಕಾರಣ: ಹೆರಿಗೆಯ ನಂತರದ ರಕ್ತಸ್ರಾವ. ಬರೆದದ್ದು ಸುಳ್ಳಲ್ಲ. ಆದರೆ ಆ ನಾಲ್ಕು ತಾಸನ್ನು ಬರೆಯಲು ಅದರಲ್ಲಿ ಒಂದು ಕಲಂ ಇರಲಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಮೂರು ವಿಳಂಬಗಳ ಪಾಠ ಕೇಳಿದೆ. 1994ರಲ್ಲಿ ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು ಬರೆದದ್ದು. ತಾಯಂದಿರು ಸಾಯುವುದು ಮೂರು ತಡದಿಂದ: ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ತಡ, ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮೊದಲನೆಯ ತಡಕ್ಕೆ ನಾವು ಜನರನ್ನು ಬೈಯುತ್ತೇವೆ, ಅಜ್ಞಾನ, ಮೂಢನಂಬಿಕೆ ಎನ್ನುತ್ತೇವೆ. ನಾಲ್ಕು ತಾಸು ಹೊರಬೇಕು, ಒಂಬತ್ತು ಜನರ ಕೂಲಿ ಮುರಿಯಬೇಕು, ಹೋದ ಮೇಲೆ ಅಲ್ಲಿ ಡಾಕ್ಟರು ಇದ್ದಾರೋ ಇಲ್ಲವೋ ಗೊತ್ತಿಲ್ಲ ಎಂದಾಗ ನಾನಾದರೂ ಇನ್ನೊಂದು ತಾಸು ನೋಡೋಣ ಅನ್ನುತ್ತಿದ್ದೆ. ಎರಡನೆಯ ಮೂರನೆಯ ತಡಗಳೇ ಮೊದಲನೆಯದನ್ನು ಹೆರುತ್ತವೆ.

ಅಂಕಿಸಂಖ್ಯೆ ನೋಡಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಶೇ. 94.7ರಷ್ಟು, ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದವು. ಇದು ದೊಡ್ಡ ಸಾಧನೆ, ನನ್ನಂಥ ಸಾವಿರಾರು ಜನ, ದಾದಿಯರು, ಆಶಾ ಕಾರ್ಯಕರ್ತೆಯರು ಬೆವರು ಸುರಿಸಿ ಮಾಡಿದ್ದು, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಉಳಿದ ಮೂರು, ಐದು ಯಾರು? ನಕಾಶೆಯ ಮೇಲೆ ಸಮನಾಗಿ ಚೆದುರಿದವರಲ್ಲ. ಅವರು ಕಣಿವೆಯ ಕೊನೆಯವರು, ಏಣಿಯ ಮೇಲಿನವರು.

ಕಳೆದ ವರ್ಷ ಒಬ್ಬ ದಾದಿಯ ಜೊತೆ ಲಸಿಕೆಯ ದಿನ ಇಂಥ ಒಂದು ವಾಡಿಗೆ ಹೋಗಿದ್ದೆ. ಬೆಳಿಗ್ಗೆ ಅವಳು ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಕಾದಳು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಕಲಕುವ ಸದ್ದು ಬಂದ ಮೇಲೇ ಪೆಟ್ಟಿಗೆಗೆ ಹಾಕಿದಳು. ಗಟ್ಟಿ ಮಂಜಿಗೆ ತಾಗಿದರೆ ಕೆಲವು ಲಸಿಕೆ ಕೆಟ್ಟುಹೋಗುತ್ತವೆ, ಕಾಯದೆ ಅವಸರ ಮಾಡುವಂತಿಲ್ಲ. ನಾಲ್ಕು ಪ್ಯಾಕು, ನಡುವೆ ಲಸಿಕೆ, ಮುಚ್ಚಳ ಬಿಗಿ. ಏರುದಾರಿ ಬಂದಾಗ ಪೆಟ್ಟಿಗೆಯ ಪಟ್ಟಿಯನ್ನು ಓಢಣಿಯಿಂದ ಬೆನ್ನಿಗೆ ಕಟ್ಟಿಕೊಂಡು ಎರಡೂ ಕೈ ಬಿಡುವು ಮಾಡಿಕೊಂಡಳು. ಮೇಲೆ ಹೋಗಿ ಅಂಗನವಾಡಿಯ ಜಗುಲಿಯಲ್ಲಿ ಕೂತು ಬಾಟಲಿಯ ಮೇಲಿನ ಗುರುತು ನೋಡಿದಳು: ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ, ಬಣ್ಣ ಕೂಡಿದರೆ ಎಸೆಯಬೇಕು. ದಡಾರ, ರುಬೆಲ್ಲಾ ಲಸಿಕೆ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಅದಕ್ಕೇ ಅವಳು ಬೆರೆಸಲಿಲ್ಲ. ಆಶಾ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಬರುವ ತನಕ ಸುಮ್ಮನೆ ಕೂತಳು. ಬಂದದ್ದು ಐದು ಮಕ್ಕಳು. ಐದು ಮಕ್ಕಳಿಗಾಗಿ ಇಡೀ ಒಂದು ದಿನ. ಎಣಿಕೆಯ ಹಾಳೆಯಲ್ಲಿ ಅವಳ ಆ ದಿನದ ಸಾಧನೆ ಐದು. ಹೆದ್ದಾರಿ ಬದಿಯ ದಾದಿ ಅದೇ ದಿನ ಐವತ್ತು ಬರೆದಿರುತ್ತಾಳೆ. ತಿಂಗಳ ಸಭೆಯಲ್ಲಿ ಯಾರನ್ನು ಎದ್ದು ನಿಲ್ಲಿಸಿ ಕೇಳುತ್ತಾರೆ ಎಂದು ನಾನು ಹೇಳಬೇಕೇ? ಅಂಥ ಸಭೆಗಳಲ್ಲಿ ಮೇಜಿನ ಈ ಕಡೆ ಕೂತು ನಾನೂ ಹಾಗೆ ಕೇಳಿದ್ದೇನೆ. ಆ ತಪ್ಪು ನನಗೆ ಈಗ ತಿಳಿಯುತ್ತದೆ.

ಆಶಾ ಕಾರ್ಯಕರ್ತೆಯನ್ನು ಅಲ್ಲಿ ತಾಈ ಎನ್ನುತ್ತಾರೆ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನಮ್ಮ ಕಿವಿಗೆ ಅದು ತಾಯಿ ಎಂದೇ ಬೀಳುತ್ತದೆ, ಬಿದ್ದರೂ ತಪ್ಪಿಲ್ಲ. 2005ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ 1,000 ಜನರಿಗೊಬ್ಬಳು ಆಶಾ, ಗುಡ್ಡಗಾಡಿನಲ್ಲಿ ಬೇಕಾದರೆ ವಾಡಿಗೊಬ್ಬಳು ಎಂದು ನಿಯಮ ಮಾಡಿದರು. ತಲೆಯ ಲೆಕ್ಕ ಬಿಟ್ಟು ನೆಲದ ಲೆಕ್ಕ ಹಿಡಿದ ಕೆಲವೇ ನಿಯಮಗಳಲ್ಲಿ ಇದೊಂದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನೆಲ್ಲ ಒಟ್ಟಾಗಿ ಗೌರವಿಸಿತು. ನಮ್ಮಲ್ಲಿ ಅವರನ್ನು ಇನ್ನೂ ನೌಕರರೆಂದು ಒಪ್ಪಿಕೊಂಡಿಲ್ಲ. ಗೌರವಧನ ಹೆಚ್ಚಿಸಿ ಎಂದು ಮುಂಬಯಿಯಲ್ಲೂ ಬೆಂಗಳೂರಿನಲ್ಲೂ ಅವರು ಬಿಸಿಲಿನಲ್ಲಿ ಕೂತದ್ದನ್ನು ನೋಡಿದ್ದೇವೆ. ಇದು ಅನ್ಯಾಯ, ಬೇರೆ ಮಾತಿಲ್ಲ.

ಹಣದ ವಿಷಯ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರ ಸರಕಾರ ತನ್ನ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ ಮಾಡಿತು, ಚೀಟಿ ಮಾಡಿಸುವ ಚಿಲ್ಲರೆ ಹಣವನ್ನೂ ತೆಗೆದುಹಾಕಿತು. ಒಳ್ಳೆಯ ಕೆಲಸ. ಆದರೂ ವೇಳವಂಡ ಕಣಿವೆಯ ಒಬ್ಬ ಅಜ್ಜಿ ರಕ್ತದೊತ್ತಡದ ಗುಳಿಗೆಗೆ ಬರಬೇಕಾದರೆ ಎಸ್.ಟಿ. ಬಸ್ಸನ್ನು ನೆಚ್ಚಬೇಕು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ಅಲ್ಲಿ ಮುಕ್ಕಾಮಿ ಗಾಡಿ ಅನ್ನುತ್ತಾರೆ, ನಮ್ಮಲ್ಲಿ ವಸ್ತಿ ಬಸ್ಸು. ಅದನ್ನು ಹಿಡಿದರೆ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರಬೇಕು. ಗುಳಿಗೆ ಸಿಗುವ ಹೊತ್ತಿಗೆ ಮರಳುವ ಬಸ್ಸು ಹೋಗಿರುತ್ತದೆ, ಮುಂದಿನದು ಸಂಜೆಗೆ. ದಿನದ ಕೂಲಿ ಹೋಯಿತು, ಜೊತೆಗೆ ಬಂದ ಸೊಸೆಯ ಕೂಲಿಯೂ ಹೋಯಿತು. ಮೂರನೆಯ ತಿಂಗಳಿಗೆ ಅಜ್ಜಿ ಗುಳಿಗೆ ಬಿಡುತ್ತಾಳೆ. ರೋಗಿ ಹೇಳಿದ ಮಾತು ಕೇಳುವುದಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ಎಸ್.ಟಿ. ಡಿಪೋದವರೂ ಆರೋಗ್ಯ ಕೇಂದ್ರದವರೂ ಒಂದು ದಿನ ಒಂದೇ ಮೇಜಿನ ಮುಂದೆ ಕೂತು ಎರಡು ವೇಳಾಪಟ್ಟಿಯನ್ನು ಹೊಂದಿಸಿದರೆ ಖರ್ಚಿಲ್ಲದೆ ಆಗುವ ಕೆಲಸ ಇದು. 108 ಗಾಡಿ ಮಹಾರಾಷ್ಟ್ರಕ್ಕೆ 2014ರಲ್ಲಿ ಬಂತು, ಅದರಿಂದ ಎಷ್ಟೋ ಜೀವ ಉಳಿದಿವೆ. ಆ ಗಾಡಿಯೂ ಟಾರು ಮುಗಿದಲ್ಲಿ ನಿಲ್ಲುತ್ತದೆ. ಫೋನಿನಲ್ಲಿ ಡಾಕ್ಟರನ್ನು ತೋರಿಸುವ ಇ-ಸಂಜೀವನಿ ಇದೆ, ಅದಕ್ಕೆ ನೆಟ್‌ವರ್ಕ್ ಬೇಕು.

ಇನ್ನು ಹಾವು ಚೇಳುಗಳ ಮಾತು. ನಾಟಿಯ ಕಾಲಕ್ಕೆ ಬರಿಗಾಲಿನ ಹೆಂಗಸರು ಕೆಸರಲ್ಲಿ ನಿಂತಿರುತ್ತಾರೆ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿತು. ಇಲ್ಲಿ ನಾನು ಒಬ್ಬ ದೊಡ್ಡ ಮನುಷ್ಯರನ್ನು ನೆನೆಯಬೇಕು. ಭೋರ್‌ನಿಂದ ವರಂಧ ಘಾಟಿ ಇಳಿದರೆ ರಾಯಗಡ ಜಿಲ್ಲೆಯ ಮಹಾಡ. ಆ ತಾಲ್ಲೂಕಿನ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಡಾಕ್ಟರಾಗಿ ಬಂದರು. ಕೊಂಕಣದ ಕೆಂಪು ಚೇಳು ಕುಟುಕಿದ ಮಕ್ಕಳು ಮೈ ತಣ್ಣಗಾಗಿ, ಬೆವರಿಳಿದು, ಬಾಯಲ್ಲಿ ನಸುಗೆಂಪು ನೊರೆ ಬಂದು ಸಾಯುವುದನ್ನು ಕಂಡರು. ಅವರು ರೋಗಿಯ ಮಗ್ಗುಲಲ್ಲಿ ರಾತ್ರಿಯಿಡೀ ಕೂತು ತಾಸು ತಾಸಿಗೆ ನಾಡಿ, ಒತ್ತಡ ಬರೆದಿಟ್ಟರು. ವಿಷ ರಕ್ತನಾಳಗಳನ್ನು ಹಿಂಡಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ಕಂಡುಕೊಂಡರು. 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯನ್ನು ಕೊಟ್ಟು ನೋಡಿದರು. ಸಾವಿನ ಪ್ರಮಾಣ ಶೇ. 1ರ ಆಸುಪಾಸಿಗೆ ಇಳಿಯಿತು. ಲ್ಯಾನ್ಸೆಟ್‌ನಂಥ ಪತ್ರಿಕೆ ಅವರ ಬರಹ ಅಚ್ಚು ಹಾಕಿತು, 2022ರಲ್ಲಿ ಪದ್ಮಶ್ರೀ ಬಂತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಡಾಕ್ಟರು ಅಲ್ಲೇ ಇದ್ದರು ಎನ್ನುವುದು. ಗುಳಿಗೆ ಅಗ್ಗದ್ದು, ಫ್ರಿಜ್ಜು ಬೇಡ, ಆದರೆ ಕುಟುಕಿದ ಮೇಲೆ ಬೇಗ ಕೊಡಬೇಕು. ದೊಡ್ಡ ಆಸ್ಪತ್ರೆಯ ಐಸಿಯುಗಿಂತ ಆ ಹೊತ್ತಿಗೆ ಬಿರವಾಡಿಯ ಮಂಚ ದೊಡ್ಡದು.

ಹಾಗೆಯೇ ಎನ್. ಎಚ್. ಅಂತಿಯಾ. ಹುಬ್ಬಳ್ಳಿಯಲ್ಲಿ ಹುಟ್ಟಿದ ಪಾರ್ಸಿ, ಕುಷ್ಠರೋಗಿಗಳ ಕೈಕಾಲು ಮುಖ ಸರಿಪಡಿಸಿದ ಪ್ಲಾಸ್ಟಿಕ್ ಸರ್ಜನ್. ಮುಂಬಯಿಯ ಆಪರೇಷನ್ ಥಿಯೇಟರಿನಲ್ಲಿ ದುಡಿಯುತ್ತಲೇ ಅವರಿಗೆ ಅನ್ನಿಸಿದ್ದು, ಜನರ ಆರೋಗ್ಯ ಜನರ ಕೈಯಲ್ಲೇ ಇರಬೇಕು ಎಂದು. 1975ರಲ್ಲಿ ಸಮುದಾಯ ಆರೋಗ್ಯ ಸಂಶೋಧನೆಗೆಂದು ಸಂಸ್ಥೆ ಕಟ್ಟಿದರು. ಮೊದಲು ರಾಯಗಡ ಜಿಲ್ಲೆಯ ಮಾಂಡವಾದಲ್ಲಿ, ಆಮೇಲೆ ಭೋರ್‌ಗೆ ತಾಗಿದ ಪುರಂದರ ತಾಲ್ಲೂಕಿನ ಪರಿಂಚೆಯಲ್ಲಿ ಹೆಚ್ಚು ಓದದ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಸಣ್ಣಪುಟ್ಟ ಕಾಯಿಲೆಗೆ ಊರಲ್ಲೇ ಮದ್ದು ಸಿಗುವ ಹಾಗೆ ಮಾಡಿದರು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಬಾನೂ ಕೋಯಾಜಿ ಶಿರೂರ ತಾಲ್ಲೂಕಿನ ವಡೂವಿನಲ್ಲಿ ಅದೇ ದಾರಿ ಹಿಡಿದರು. ನಮ್ಮ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದೂ, ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರಕಾರಿ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡು ನಡೆಸಿದ್ದೂ ನಿಮಗೆ ಗೊತ್ತಿದೆ. ಇವರೆಲ್ಲರೂ ಜನ ಬರಲಿ ಎಂದು ಕಾಯದೆ ತಾವೇ ಹೋದವರು.

ಈಗ ನಾನು ಕೇಳಿಕೊಳ್ಳುವ ಮಾತಿಗೆ ಬರುತ್ತೇನೆ. ಮರಾಠಿಯಲ್ಲಿ ಮಾಹೇರ್ ಎಂದರೆ ತವರು. ಮಹಾರಾಷ್ಟ್ರದ ಆದಿವಾಸಿ ಜಿಲ್ಲೆಗಳಲ್ಲಿ ಮಾಹೇರ್ ಘರ್ ಎಂಬ ಯೋಜನೆ ಇದೆ. ದೂರದ ವಾಡಿಯ ಬಸುರಿ ದಿನ ತುಂಬುವ ಮೊದಲೇ ಬಂದು ಆರೋಗ್ಯ ಕೇಂದ್ರದ ಮಗ್ಗುಲ ಮನೆಯಲ್ಲಿ ಇರುತ್ತಾಳೆ, ಜೊತೆಗೊಬ್ಬರು ಇರಬಹುದು, ಊಟ ಅಲ್ಲೇ. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಎರಡೂ ನಾಡಿನ ಹಳೆಯ ಪದ್ಧತಿ, ಆದ್ದರಿಂದ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಭೋರ್‌ನ ಪಡುವಣ ಕಣಿವೆಗಳಿಗೂ, ನಮ್ಮ ಖಾನಾಪುರ, ಜೋಯಿಡಾಗಳಿಗೂ ಮಳೆಗಾಲದ ನಾಲ್ಕು ತಿಂಗಳಾದರೂ ಇಂಥ ತವರುಮನೆ ಬೇಕು. ಬರಲಾಗದವರ ಮನೆಗೆ ಮಿಸೊಪ್ರೊಸ್ಟಾಲ್ ಗುಳಿಗೆ ಮುಟ್ಟಬೇಕು. ಮಗು ಹುಟ್ಟಿದ ಕೂಡಲೇ ಬಾಣಂತಿ ನುಂಗುವ ಮೂರು ಗುಳಿಗೆ, ರಕ್ತ ಹೋಗುವುದನ್ನು ತಡೆಯಲಿಕ್ಕೆ. ದುರ್ಗಮ ಊರುಗಳಲ್ಲಿ ಆಶಾಗಳ ಮೂಲಕ ಕೊಡಲು ಕೇಂದ್ರ ಸರಕಾರದ ಮಾರ್ಗಸೂಚಿಯೇ ಇದೆ. ನನ್ನ ಅಂಗಳಕ್ಕೆ ಬಂದ ಆ ಜೋಲಿಯ ಹೆಣ್ಣುಮಗಳಿಗೆ ಆಗ ಆ ಗುಳಿಗೆ ಇರಲಿಲ್ಲ. ಈಗ ಇದೆ.

ಎಲ್ಲಿ ಯಾವುದು ಬೇಕು ಎಂದು ತಿಳಿಯಬೇಕಾದರೆ ಆ ನಾಲ್ಕು ತಾಸನ್ನು ಬರೆಯುವ ಕಲಂ ಬೇಕು. ಗುಡ್ಡಗಾಡು ಮತ್ತು ಮರುಭೂಮಿಯ ಆಯ್ದ ಜಿಲ್ಲೆಗಳಿಗೆ, ಮನೆಯಿಂದ ಅರ್ಧ ತಾಸಿನ ನಡಿಗೆಯೊಳಗೆ ಉಪಕೇಂದ್ರ ಇರಬೇಕು ಎಂಬ ಲೆಕ್ಕವನ್ನು ಕೇಂದ್ರ ಆರೋಗ್ಯ ಇಲಾಖೆಯೇ ಒಪ್ಪಿದೆ. ಪುಣೆ ಎಂಬ ಶ್ರೀಮಂತ ಜಿಲ್ಲೆಯ ಒಳಗೆ ಅಡಗಿರುವ ಭೋರ್‌ನ ಕಣಿವೆಗಳಿಗೂ ಅದನ್ನು ಅನ್ವಯಿಸಲಿ. ಯಾವ ವಾಡಿಯಿಂದ ದವಾಖಾನೆಗೆ ಎಷ್ಟು ತಾಸು, ಬೇಸಿಗೆಯಲ್ಲಿ ಎಷ್ಟು, ಆಷಾಢದಲ್ಲಿ ಎಷ್ಟು ಎಂದು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆದು ಹಾಕಲಿ.

ಈ ಸಭೆಯಲ್ಲಿ ಹಿಂಜವಡಿ, ಖರಾಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ತುಂಬ ಜನ ಇದ್ದೀರಿ. ಭಾನುವಾರ ಬಂದರೆ ರಾಯರೇಶ್ವರ, ವರಂಧ ಘಾಟಿ ಎಂದು ಭೋರ್‌ಗೆ ಹೋಗುತ್ತೀರಿ. ಮಕ್ಕಳೇ, ಮುಂದಿನ ಸಲ ಹೋದಾಗ ಆ ವಾಡಿಯ ಆಶಾ ತಾಈಯನ್ನು ಕಂಡು ಮಾತಾಡಿಸಿ. ಅವಳು ಬಸುರಿಯನ್ನು ಕರೆದುಕೊಂಡು ಹೋಗುವ ದಾರಿಯಲ್ಲೇ, ಅವಳ ಹೆಜ್ಜೆಯಲ್ಲೇ ನಡೆದು ಹೊತ್ತು ಬರೆದುಕೊಳ್ಳಿ. ಊರಿನ ಹೆಸರು, ಹೊರಟ ಗಳಿಗೆ, ಮುಟ್ಟಿದ ಗಳಿಗೆ, ದಾಟಿದ ಹಳ್ಳಗಳು, ಅಷ್ಟು ಸಾಕು. ಅದರ ಒಂದು ಪ್ರತಿಯನ್ನು ಅವಳಿಗೆ ಕೊಡಿ, ಇನ್ನೊಂದನ್ನು ತಾಲ್ಲೂಕು ಆರೋಗ್ಯ ಅಧಿಕಾರಿಗೆ ಕೊಡಿ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಕೊಡಿ.